ಗುರುವಾರದ ಅರ್ಧ ತಾಸು

ನರೋಣಾದ ಬಸವೇಶ್ವರಿಗೆ ಅರೆತಲೆನೋವು ಹದಿನಾಲ್ಕು ವರ್ಷದ ನೆಂಟ. ಬರುವ ಮುಂಚೆ ಎಡಗಣ್ಣಿನ ಅಂಚಿನಲ್ಲಿ ಮಿಣಮಿಣ ಎನ್ನುತ್ತಿತ್ತು. ಬಂದ ಮೇಲೆ ಬೆಳಕು ಬೇಡ, ಸದ್ದು ಬೇಡ, ಒಗ್ಗರಣೆಯ ವಾಸನೆ ಬೇಡ. ಬೇಡವೆಂದರೆ ಕೇಳುವವರು ಯಾರು? ಮನೆಯಲ್ಲಿ ಹನ್ನೊಂದು ಬಾಯಿ, ದಿನಕ್ಕೆ ಐವತ್ತು ಜೋಳದ ರೊಟ್ಟಿ. ಬಡಿಯುವವಳು ಇವಳೊಬ್ಬಳೇ. ಇಬ್ಬರು ನೆಗೆಣ್ಣಿಯರಿದ್ದರು, ಆದರೆ ಅವರು ಜಾಣೆಯರು. ಅವರು ಬಡಿದ ರೊಟ್ಟಿ ಯಾವಾಗಲೂ ಹರಿಯುತ್ತಿದ್ದವು. ಇವಳವು ಹರಿಯುತ್ತಿರಲಿಲ್ಲ, ಅದೇ ತಪ್ಪಾಯಿತು. ತಲೆ ಸಿಡಿಯುವ ದಿನವೂ ರೊಟ್ಟಿಯ ಸದ್ದು ನಿಲ್ಲುತ್ತಿರಲಿಲ್ಲ. ಒಂದೊಂದು ಏಟೂ ಅವಳ ತಲೆಯೊಳಗೇ ಬೀಳುತ್ತಿತ್ತು.

ಗುಳಿಗೆ ನುಂಗಿ ನುಂಗಿ ಹೊಟ್ಟೆ ಕೆಟ್ಟ ಮೇಲೆ ಗಂಡ ಸಂತೋಷಕುಮಾರ ಅವಳನ್ನು ಆಳಂದಕ್ಕೆ, ಆಕ್ಯುಪಂಕ್ಚರ್ ಮಾಡುವ ಜಸ್ಮೀನ ಡಾಕ್ಟರ ಬಳಿಗೆ ಕರೆದೊಯ್ದ. ಆಮೇಲೆ ಪ್ರತಿ ಗುರುವಾರ ಅವಳೊಬ್ಬಳೇ ಬಸ್ಸು ಹತ್ತತೊಡಗಿದಳು.

ಹುಬ್ಬುಗಳ ನಡುವೆ ಒಂದು, ಹೆಬ್ಬೆರಳಿನ ಸಂದಿಯಲ್ಲಿ ಒಂದೊಂದು, ಪಾದಗಳಲ್ಲಿ ಎರಡು. ಕೂದಲಿನಷ್ಟು ಸಣ್ಣ ಸೂಜಿಗಳು. ಮೊದಲ ದಿನ ಚುಚ್ಚಿದ ಮೇಲೆ ಜಸ್ಮೀನ ಪರದೆ ಎಳೆದು ಹೇಳಿದಳು: "ಅರ್ಧ ತಾಸು ಅಳ್ಳಾಡಬ್ಯಾಡ್ರಿ ಅಕ್ಕಾ. ನಿಮ್ಮನ್ನ ಯಾರೂ ಕರಿಯಂಗಿಲ್ಲ."

ಬಸವೇಶ್ವರಿ ಗಳಗಳ ಅತ್ತುಬಿಟ್ಟಳು. ಸೂಜಿಯಿಂದ ನೋವಾಯಿತೇನೋ ಎಂದು ಜಸ್ಮೀನ ಗಾಬರಿಯಾದಳು. ನೋವೆಲ್ಲಿಯದು? ಮದುವೆಯಾದ ಮೇಲೆ ಹಾಡಹಗಲಲ್ಲಿ ತನ್ನನ್ನು ಯಾರೂ ಕರೆಯದ ಅರ್ಧ ತಾಸು ಅವಳಿಗೆ ಸಿಕ್ಕಿದ್ದು ಅದೇ ಮೊದಲು.

ನೋವು ಬಂದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ತಿಂಗಳಿಗೊಮ್ಮೆ ತಂದು ತೋರಿಸಬೇಕು. ಪೂರಾ ಒಂದು ತಿಂಗಳು ಗುರುತೇ ಇರದಿದ್ದರೆ ಸೂಜಿ ಬಂದ್, ಎಂದು ಜಸ್ಮೀನ ಹೇಳಿದ್ದಳು. ಮೊದಲ ತಿಂಗಳು ಆರು ಗುರುತು. ಎರಡನೆಯದಕ್ಕೆ ಮೂರು, ಮೂರನೆಯದಕ್ಕೆ ಒಂದು. ನಾಲ್ಕನೆಯ ತಿಂಗಳು ನೋವು ಬರಲೇ ಇಲ್ಲ. ಅಂದರೆ ಗುರುವಾರದ ಅರ್ಧ ತಾಸೂ ಬಂದ್. ನೋವು ಬರಲಿಲ್ಲವೆಂದು ಹೆದರಿದವಳು ಇಡೀ ಆಳಂದ ತಾಲೂಕಿನಲ್ಲಿ ಇವಳೊಬ್ಬಳೇ ಇರಬೇಕು! ತಿಂಗಳ ಕೊನೆಗೆ ಕೈಗೆ ಬಂದಲ್ಲಿ ನಾಲ್ಕು ಗುರುತು ಹಾಕಿದಳು. ಸುಳ್ಳು ಹೇಳಿ ರೂಢಿಯಿಲ್ಲದವಳು, ಯಾವ ದಿನ ಏನಿತ್ತೆಂದು ನೋಡಲಿಲ್ಲ.

ಆ ಗುರುವಾರವೇ ಅತ್ತೆ ಅಂಬುಬಾಯಿ, ಮೊಣಕಾಲು ತೋರಿಸಬೇಕೆಂದು, ಜೊತೆಗೆ ಹೊರಟಳು.

"ಅಮಾಸಿ ದಿನ ಭಾಳ ನೋವಿತ್ತೇನ್ರಿ ಅಕ್ಕಾ?" ಜಸ್ಮೀನ ಹಾಳೆ ನೋಡಿ ಕೇಳಿದಳು.

ಬಸವೇಶ್ವರಿ ಬಾಯಿ ತೆರೆಯುವ ಮೊದಲೇ ಅತ್ತೆ ಅಂದಳು: "ಅಮಾಸಿ ದಿನಾನಾ? ಅವತ್ತ ಜಿಡಗಾ ಮಠಕ್ಕ ನಮ್ಮನಿ ರೊಟ್ಟಿ ಹೋಗ್ತಾವ್ರಿ ಡಾಕ್ಟರಬಾಯಿ. ನೂರಾ ಒಂದು ಬಡದಾಳ. ಹಾಡ್ಕೋತ ಬಡದಾಳ."

ಜಸ್ಮೀನಳಿಗೆ ಎಲ್ಲ ತಿಳಿಯಿತು. ಹಾಳೆ ಮಡಚಿ ವಾಪಸು ಕೊಟ್ಟಳು. "ಆರಾಮ ಆದವರಿಗೆ ಸೂಜಿ ಹಾಕೂದು ನನ್ನ ಕೆಲಸ ಅಲ್ರಿ ಅಕ್ಕಾ," ಎಂದಳು ಮೆಲ್ಲಗೆ. "ನೋವು ಮತ್ತ ಬಂದ್ರ ಬರ್ರಿ."

ಮನೆಯಲ್ಲಿ ಯಾರೂ ಬೈಯಲಿಲ್ಲ. ನಕ್ಕರು. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

ಹದಿನೆಂಟು ದಿನ ಕಳೆದು ಒಂದು ಬೆಳಿಗ್ಗೆ ಹಿಟ್ಟು ನಾದುವಾಗ ಎಡಗಣ್ಣಿನ ಅಂಚು ಮಿಣುಗಿತು. ಅರ್ಧ ತಾಸಿನಲ್ಲಿ ಅವಳು ಗೋಡೆಗೊರಗಿ ಕೂತಿದ್ದಳು. "ಖರೇನ ಬಂದದ್ರಿ," ಎಂದಳು ಗಂಡನಿಗೆ. "ಆಳಂದಕ್ಕ ಕಳಸ್ರಿ."

"ಇವತ್ತ ಯಾವ ಅಮಾಸಿ?" ಸಂತೋಷಕುಮಾರ ನಗುತ್ತ ಗಾಡಿ ಚಾಲೂ ಮಾಡಿಕೊಂಡು ಹೋದ. ನೆಗೆಣ್ಣಿಯರೂ ನಕ್ಕರು.

ಅಂಬುಬಾಯಿ ಮಾತ್ರ ನಗಲಿಲ್ಲ. ಮೊಣಕಾಲು ಹಿಡಿದುಕೊಂಡು ಬಂದು ಸೊಸೆಯ ಪಕ್ಕದಲ್ಲಿ ಕೂತಳು. ಏನೂ ಕೇಳದೆ ಅವಳ ಎಡಹುಬ್ಬಿನ ಮೇಲೆ, ನರ ಹೊಡೆದುಕೊಳ್ಳುತ್ತಿದ್ದ ಜಾಗದಲ್ಲೇ, ಹೆಬ್ಬೆರಳು ಒತ್ತಿದಳು.

"ಇಲ್ಲೇ ಹೌದಿಲ್ಲೋ?"

ಬಸವೇಶ್ವರಿ ಕಣ್ಣು ತೆರೆದಳು. "ನಿಮಗ ಹ್ಯಾಂಗ ಗೊತ್ತಾತ್ರಿ ಅತ್ತಿ?"

"ನನಗೂ ಇಲ್ಲೇ ಇತ್ತು. ಇಪ್ಪತ್ತ ವರ್ಷ. ಮುಟ್ಟು ನಿಂತ ಮ್ಯಾಲ ತಾನ ಹೋತು."

ಬಸವೇಶ್ವರಿಗೆ ಈಗ ಮೂವತ್ತನಾಲ್ಕು.

ಅತ್ತೆ ಹೆಬ್ಬೆರಳು ತೆಗೆದು, ಸೊಸೆಯ ತಲೆಗೆ ಸೆರಗು ಬಿಗಿಯಾಗಿ ಕಟ್ಟಿದಳು. "ಏಳ ಬೇ," ಎಂದಳು. "ಒಲಿ ಆರಾಕತ್ತದ."