ರುಕ್ಮಿಣಮ್ಮನ ಕವೆಗೋಲು

ರಾಗಿ ಸೀಮೆಯ ವಿಜಯಪುರದ ಆಸುಪಾಸಿನಲ್ಲಿ ಯಾರ ಮನೆಯ ಬೀಗರೂಟವಾದರೂ ಮುದ್ದೆಗೆ ರುಕ್ಮಿಣಮ್ಮನೇ ಬರಬೇಕು. ಸಾರು ಯಾರಾದರೂ ಮಾಡಿಕೊಳ್ಳಲಿ, ಹಿಟ್ಟಿನ ಪಾತ್ರೆಯ ಹತ್ತಿರಕ್ಕೆ ಆಯಮ್ಮ ಇನ್ನೊಬ್ಬರನ್ನು ಬಿಟ್ಟುಕೊಂಡವಳಲ್ಲ. ಬೆಂದ ಹಿಟ್ಟಿನ ಪಾತ್ರೆಯನ್ನು ಒಲೆಯಿಂದ ಇಳಿಸಿ, ನೆಲಕ್ಕೆ ಕೂತು, ಅದು ಅಲುಗಾಡದಂತೆ ಕವಲೊಡೆದ ಕವೆಗೋಲು ಕೊಟ್ಟು, ಎರಡೂ ಪಾದಗಳಿಂದ ಒತ್ತಿ ಹಿಡಿದು ಮುದ್ದೆಕೋಲಿನಿಂದ ತಿರುವಿದಳೆಂದರೆ ಒಂದು ಗಂಟು ಇರುತ್ತಿರಲಿಲ್ಲ. ಮದುವೆಯಾಗಿ ಬಂದ ವರ್ಷ ಅತ್ತೆ ಕೈಗೆ ಕೊಟ್ಟ ಕವೆಗೋಲು ಅದು. ಈ ಮನೆಯಲ್ಲಿ ತನ್ನದು ಅಂತ ಆಕೆ ಹೇಳಿಕೊಳ್ಳುತ್ತಿದ್ದದ್ದೂ ಅದೊಂದನ್ನೇ.

ಈಗ ಎಡಗಡೆ ಚಪ್ಪೆಯಲ್ಲಿ ತೊಡೆ ಸೇರುವ ಕೀಲು ಸವೆದುಹೋಗಿತ್ತು. ಬದಲಾಯಿಸಲೇಬೇಕು ಅಂದರು ಡಾಕ್ಟರು. ಅಲ್ಲಿಂದ ಶುರುವಾಯಿತು ನೋಡಿ ಮನೆಯಲ್ಲಿ ರಂಪ. ಮಗ ಬೈರೇಶ್ ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಅರ್ಧ ಡಾಕ್ಟರಾಗಿದ್ದ. ರೋಬೋಟ್ ಆಪರೇಷನ್ನೇ ಆಗಬೇಕು, ಅಳತೆ ಕೂದಲೆಳೆಯಷ್ಟೂ ತಪ್ಪುವುದಿಲ್ಲ ಅಂತ ಅವನ ಹಟ. ಅವಳ ತಮ್ಮ ದೊಡ್ಡಮುನಿಯಪ್ಪನಿಗೆ ಮಿಷನ್ನು ಅಂದರೇ ಆಗದು. ಕರೆಂಟು ಹೋದರೆ ಅಕ್ಕನ ಗತಿಯೇನು, ಪಳಗಿದ ಕೈಯೇ ಮಾಡಲಿ ಅಂತ ಅವನು. ಬೆಳಿಗ್ಗೆ ಕಾಫಿಗೆ ಶುರುವಾದರೆ ಊಟದ ಹೊತ್ತಿನವರೆಗೂ ಅದೇ ರಾಮಾಯಣ. ಆಮೇಲೆ ಇಬ್ಬರೂ ತಟ್ಟೆ ಮುಂದಿಟ್ಟುಕೊಂಡು ಮುದ್ದೆ ಎಲ್ಲಿ ಅನ್ನುವರು. ರುಕ್ಮಿಣಮ್ಮ ಹಲ್ಲು ಕಚ್ಚಿಕೊಂಡು ನೆಲಕ್ಕೆ ಕೂತು ತಿರುವಿ ಹಾಕುವಳು. ನೋವು ಯಾರದು ಅನ್ನುವುದೇ ಈ ಪುಣ್ಯಾತ್ಮರಿಗೆ ಮರೆತುಹೋಗಿತ್ತು.

ಆಸ್ಪತ್ರೆಯಲ್ಲೂ ಅಷ್ಟೇ. ಡಾಕ್ಟರ್ ಪದ್ಮಶ್ರೀ ಪಾಪ, ತಾಳ್ಮೆಯಿಂದ ಬಿಡಿಸಿ ಹೇಳಿದರು. ರೋಬೋಟ್ ತಾನಾಗಿಯೇ ಏನೂ ಕೊಯ್ಯುವುದಿಲ್ಲ, ಸ್ಕ್ಯಾನ್ ನೋಡಿ ಹಾಕಿಕೊಂಡ ಅಳತೆಯಿಂದ ಆಚೆ ಹೋಗದಂತೆ ತಡೆಯುತ್ತದೆ, ಮಾಡುವುದು ತಮ್ಮ ಕೈಯೇ. ಅದಿಲ್ಲದೆಯೂ ಚೆನ್ನಾಗಿಯೇ ಆಗುತ್ತದೆ ಅಂದರು. ಅಷ್ಟಕ್ಕೆ ಮಾವ ಅಳಿಯ ಇಬ್ಬರೂ ತಾವೇ ಗೆದ್ದೆವು ಅಂತ ಮತ್ತೆ ಬಾಯಿ ತೆರೆದರು.

"ನಾನೊಂದು ಮಾತು ಕೇಳ್ಬೋದಾ?" ಅಂದಳು ರುಕ್ಮಿಣಮ್ಮ. "ಆಮೇಲೆ ನೆಲದ ಮೇಲೆ ಕೂತ್ಕಂಡು ಮುದ್ದೆ ತಿರುವ್ಬೋದೇನಮ್ಮಾ?"

ಡಾಕ್ಟರು ಕುರ್ಚಿಯನ್ನು ಆಕೆಯ ಹತ್ತಿರಕ್ಕೆ ಎಳೆದುಕೊಂಡರು. ಹೊಸ ಕೀಲು ಜಾರುವ ಭಯವಿರುತ್ತದೆ, ಹಾಗೆ ನೆಲಕ್ಕೆ ಕೂತು ಒತ್ತುವ ಕೆಲಸ ಇನ್ನು ಬೇಡ ಅಂದರು.

"ರೋಬೋಟ್ ಆದ್ರೂ?"

"ಯಾವುದಾದ್ರೂ ಅಷ್ಟೇ ಅಮ್ಮ."

ಆಕೆಗೆ ಅಳು ಬಂತು. ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ಇಷ್ಟು ದಿನ ಮನೆ ಹಾರಿಹೋಗುವಂತೆ ಕಿರುಚಾಡಿದವರಲ್ಲಿ ಒಬ್ಬನಾದರೂ ಇದನ್ನು ಕೇಳಿದ್ದನೇ? ಮನೆಗೆ ಬರುವಾಗ ಕಾರಿನಲ್ಲೂ ಅದೇ ಜಗಳ.

ರುಕ್ಮಿಣಮ್ಮ ಕುಂಟಿಕೊಂಡೇ ಅಡುಗೆಮನೆಗೆ ಹೋಗಿ ಕವೆಗೋಲು ತಂದು ಇಬ್ಬರ ನಡುವೆ ಇಟ್ಟಳು.

"ನನ್ನ ಕಾಲಿನ ವಿಚಾರ ನಾನೂ ಡಾಕ್ಟ್ರಮ್ಮನೂ ನೋಡ್ಕಂತೀವಿ. ಇವತ್ತಿಂದ ಮುದ್ದೆ ನಿಮ್ದು. ಕೈಯಲ್ಲೇ ತಿರುವ್ತೀರೋ, ರೋಬೋಟ್ ತರ್ತೀರೋ, ಅದಕ್ಕೆ ಜಗಳ ಆಡ್ಕಳಿ."

ಮಾವ ಅಳಿಯ ಕವೆಗೋಲನ್ನು ಎತ್ತಿ ತಿರುಗಿಸಿ ಮುರುಗಿಸಿ ನೋಡಿದರು. ಕವೆಗೋಲಿನ ಯಾವ ತುದಿ ಪಾತ್ರೆಗೆ, ಯಾವ ತುದಿ ಪಾದಕ್ಕೆ ಅನ್ನುವುದು ಇಬ್ಬರಿಗೂ ಗೊತ್ತಿರಲಿಲ್ಲ. ಹೇಳಿಕೊಡುವ ಮನಸ್ಸು ಆಕೆಗೂ ಬರಲಿಲ್ಲ.