ಸಂಜೀವಣ್ಣ ಕಾದ ಓಟ

ಮೊನ್ನೆ ಶನಿವಾರ ಬೆಳಿಗ್ಗೆ ಎದ್ದಾಗ ಮನೆಯೆಲ್ಲ ಲಿಂಬೆಹಣ್ಣಿನ ವಾಸನೆ. ಸೊಸೆ ಅಡುಗೆಮನೆಯಲ್ಲಿ ಕಾಲು ಚಾಚಿ ಕುಳಿತು, ಚೀಲದ ತುಂಬ ಇದ್ದ ಹಣ್ಣು ಹೆಚ್ಚಿ ಪಾತ್ರೆಗೆ ಹಿಂಡುತ್ತಿದ್ದಳು. ಮರುದಿನ ನಮ್ಮ ವಿಕ್ರೋಳಿ ಕಾಲೊನಿಯವರ ಓಟ; ಓಡುವವರಿಗೆ ಪಾನಕ ಕೊಡುವ ಸರದಿ ಈ ವರ್ಷ ನಮ್ಮ ಬಿಲ್ಡಿಂಗಿನದು. ಆದರೆ ಮಳೆಗಾಲ ಮುಗಿದು ತಿಂಗಳು ಕಳೆದಿದ್ದರೂ ಮಧ್ಯಾಹ್ನದ ಹೊತ್ತಿಗೆ ಗಾಳಿ, ಮಳೆ ಎರಡೂ ಒಟ್ಟಿಗೇ ಹೊಡೆದವು. ಗೇಟಿನ ಪಕ್ಕದ ಮರ ಉರುಳಿ ಎರಡು ಸ್ಕೂಟರು ಅಪ್ಪಚ್ಚಿಯಾದವು. ಸಂಜೆ ಕೆಳಗಿನ ಬೋರ್ಡಿನ ಮೇಲೆ ಓಟ ರದ್ದು ಎಂಬ ಚೀಟಿ ಕಾಣಿಸಿಕೊಂಡಿತು.

ಎಲ್ಲರಿಗೂ ಹೇಳಿದ್ದಾರೇನು ಎಂದು ಸೊಸೆಯನ್ನು ಕೇಳಿದೆ. ಹೌದು ಎಂದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದೆ. ಮೂರನೆಯ ಸಲ ಕೇಳಿದಾಗ ಅವಳು ನಕ್ಕು, "ಬೋರ್ಡಿನ ಮ್ಯಾಲೆ ಹಚ್ಯಾರಲ್ರೀ ಮಾವಾ, ಇನ್ನೇನು ಹೇಳೂದೈತಿ?" ಎಂದಳು. ನಾನು ಗ್ಯಾಸು ಆರಿಸಿದೆಯಾ ಎಂದೂ ಮೂರು ಸಲ ಕೇಳುವವನೇ. ಅವಳ ಲೆಕ್ಕದಲ್ಲಿ ಇದೂ ಅದೇ ಜಾತಿಯ ಮುದುಕತನ. ಆದರೆ ಓಟ ರದ್ದಾಯಿತೆಂದರೆ ಎಲ್ಲರಿಗೂ ತಿಳಿಯಿತೇ ಎಂದು ಕೇಳದೆ ನನಗೆ ಇವತ್ತಿಗೂ ಇರಲಾಗುವುದಿಲ್ಲ. ಅದು ಯಾಕೆಂದು ಅವಳಿಗೆ ಹೇಳಿರಲಿಲ್ಲ. ನನ್ನ ಹೆಂಡತಿಗೂ ಹೇಳಿರಲಿಲ್ಲ.

ಅದು ಐವತ್ತರ ದಶಕದ ನಡುವಿನ ಮಾತು. ಧಾರವಾಡದಿಂದ ಬಂದು ಇಲ್ಲಿಯ ಒಂದು ಕಾರಖಾನೆಯ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಮದುವೆಯಾಗಿರಲಿಲ್ಲ. ವಾಸ ಅಂಧೇರಿಯ ಒಂದು ಚಾಳಿನ ಒಂಟಿ ಕೋಣೆಯಲ್ಲಿ, ಊಟ ತಿಂಡಿ ಸ್ಟೇಶನ್ನಿನ ಎದುರಿನ ಉಡುಪಿ ಹೋಟೆಲಿನಲ್ಲಿ. ಜೋಳದ ರೊಟ್ಟಿಯ ನಾಲಿಗೆ ತೆಂಗಿನಕಾಯಿಗೆ ಒಗ್ಗಲು ಒಂದು ವರ್ಷ ಹಿಡಿಯಿತು. ಒಗ್ಗಿಸಿದವನು ಸಂಜೀವಣ್ಣ, ಅಲ್ಲಿ ದೋಸೆಯ ಕಾವಲಿಯ ಮುಂದೆ ನಿಲ್ಲುತ್ತಿದ್ದ ನಲವತ್ತು ದಾಟಿದ ಮನುಷ್ಯ. ನನ್ನ ದೋಸೆಗೆ ಮಾತ್ರ ಒಂದು ಚಿಟಿಕೆ ಹೆಚ್ಚು ಖಾರ ಉದುರಿಸಿ, "ಇದು ನಿಮ್ಮ ಊರಿನ ಲೆಕ್ಕ ರಾಯ್ರೇ" ಎನ್ನುತ್ತಿದ್ದ. ಹೆಂಡತಿ ಗಿರಿಜಕ್ಕ, ನಾಲ್ಕು ವರ್ಷದ ಮಗಳು ಸುಮತಿ ಹೋಟೆಲಿನ ಹಿಂದಿನ ಚಾಳಿನಲ್ಲಿದ್ದರು.

ಆ ಹೋಟೆಲಿನವರ ಒಂದು ಕಟ್ಟುನಿಟ್ಟನ್ನು ನಿಮಗೆ ಹೇಳಬೇಕು. ಬದಲಿ ಬರುವವರೆಗೆ ಯಾರೂ ಜಾಗ ಬಿಡುವಂತಿರಲಿಲ್ಲ. ಕಾವಲಿಯ ಮುಂದಿರಲಿ, ಚಹಾದ ಒಲೆಯ ಮುಂದಿರಲಿ, ಮುಂದಿನ ಸರದಿಯವನು ಬಂದು ಕೈಯಿಂದ ಸೌಟು ತೆಗೆದುಕೊಂಡ ಮೇಲೆಯೇ ಮೊದಲಿನವನು ಕದಲುವುದು. ಧಣಿಗಳು ಹೇಳಿ ಮಾಡಿಸಿದ ನಿಯಮವಲ್ಲ ಅದು, ಅವರವರಲ್ಲೇ ಬೆಳೆದ ಮರ್ಯಾದೆ. ಒಮ್ಮೆ ಬದಲಿಯವನ ಲೋಕಲ್ ರೈಲು ಎಲ್ಲೋ ನಿಂತುಬಿಟ್ಟಿತ್ತು. ಸಂಜೀವಣ್ಣ ಮೈ ಸುಡುವ ಜ್ವರದಲ್ಲಿ ಬೆಳಿಗ್ಗೆಯಿಂದ ದೀಪ ಹಚ್ಚುವವರೆಗೆ ಕಾವಲಿ ಬಿಡಲಿಲ್ಲ. ಬಿಟ್ಟು ಹೋಗಬಾರದಿತ್ತೇ ಎಂದರೆ, ಬದಲಿ ಬರ್ಬೇಕಲ್ಲ ಎಂದು ನನಗೇ ತಿಳಿಹೇಳಿದ.

ಆ ವರ್ಷ ನಮ್ಮ ಉಪನಗರದಲ್ಲಿ ಒಂದು ದೊಡ್ಡ ಓಟ ಏರ್ಪಾಡಾಗಿತ್ತು. ಅಂಧೇರಿಯಿಂದ ಹೊರಟು ಪೊವಾಯಿ ಕೆರೆಯ ಮೇಲಿಂದ ವಿಕ್ರೋಳಿ, ಭಾಂಡುಪ್ ದಾಟಿ ಮುಲುಂಡಿನ ಆಚೆ ಮುಟ್ಟಿ ತಿರುಗಿ ಬರುವ ಇಪ್ಪತ್ತಾರು ಮೈಲಿಯ ಮ್ಯಾರಥಾನ್. ಪುಣೆ, ಬೆಳಗಾವಿಗಳಿಂದಲೂ ಓಟಗಾರರು ಬಂದಿದ್ದರು. ನಾನು ಓಡುವ ಪೈಕಿ ಅಲ್ಲ, ಲೋಕಲ್ ಹಿಡಿಯಲು ಓಡಿದರೂ ಪಕ್ಕೆ ಹಿಡಿಯುವ ಆಸಾಮಿ. ಆದರೆ ಟೈಪ್ ಮಾಡಲು ಬರುತ್ತಿತ್ತಲ್ಲ, ಕಮಿಟಿಯವರು ನನ್ನನ್ನು ದಾರಿಯ ವ್ಯವಸ್ಥೆಗೆ ಹಾಕಿದರು. ಎದೆಗೆ ಕೆಂಪು ರಿಬ್ಬನ್ನಿನ ಬಿಲ್ಲೆ, ಕೊರಳಲ್ಲಿ ಸೀಟಿ. ಆ ಬಿಲ್ಲೆಯನ್ನು ನಾನು ಓಟಕ್ಕೆ ಎರಡು ದಿನ ಮೊದಲೇ ಆಫೀಸಿಗೂ ಹಾಕಿಕೊಂಡು ಹೋಗಿದ್ದೆ ಎಂದರೆ ನನ್ನ ಜಂಬ ಎಷ್ಟಿತ್ತೆಂದು ನೀವೇ ಊಹಿಸಿ.

ದಾರಿಯಲ್ಲಿ ಒಂಬತ್ತು ಕಡೆ ನೀರಿನ ಡ್ರಮ್ಮು ಇಟ್ಟು ಒಬ್ಬೊಬ್ಬ ಮನುಷ್ಯನನ್ನು ನಿಲ್ಲಿಸುವುದೆಂದು ತೀರ್ಮಾನವಾಯಿತು. ಧಣಿಗಳು ತಮ್ಮ ಹೋಟೆಲಿನ ಜನರನ್ನೇ ಕೊಟ್ಟರು. ಒಂಬತ್ತು ಜಾಗ, ಒಂಬತ್ತು ಹೆಸರು. ಆಫೀಸಿನ ಯಂತ್ರದಲ್ಲಿ ಒಂದು ಅಕ್ಷರವೂ ತಪ್ಪದಂತೆ ಪಟ್ಟಿ ಮಾಡಿ, ಮೂರು ಕಾರ್ಬನ್ ಪ್ರತಿ ತೆಗೆದೆ. ಶನಿವಾರ ಮಧ್ಯಾಹ್ನ ಲಾರಿಯಲ್ಲಿ ಜನರನ್ನೂ ಡ್ರಮ್ಮುಗಳನ್ನೂ ಇಳಿಸುತ್ತ ಹೋದೆವು. ನಸುಕಿನಲ್ಲಿ ಅಲ್ಲಿಗೆ ಮುಟ್ಟಲು ಬಸ್ಸಿರಲಿಲ್ಲ, ಅದಕ್ಕೇ ಹಿಂದಿನ ದಿನವೇ ಹೋಗಿ ಅಲ್ಲೇ ಮಲಗುವ ಏರ್ಪಾಡು. ಪೊವಾಯಿ ಕೆರೆ ದಾಟಿ ಇಳಿಜಾರಿನ ಸಣ್ಣ ಸೇತುವೆಗೆ ಬಂದಾಗ ಎರಡು ಜಾಗಗಳ ನಡುವೆ ಅಂತರ ತೀರ ಹೆಚ್ಚಾಯಿತೆಂದು ನನಗನ್ನಿಸಿತು. ಲಾರಿಯಲ್ಲಿ ಸಹಾಯಕ್ಕೆಂದು ಸುಮ್ಮನೆ ಬಂದಿದ್ದ ಸಂಜೀವಣ್ಣನನ್ನು ಅಲ್ಲಿ ನಿಲ್ಲುತ್ತೀಯಾ ಎಂದು ಕೇಳಿದೆ. ಅವನು ಕೂಡಲೇ ಹೆಚ್ಚಿಗೆ ತಂದಿದ್ದ ಡ್ರಮ್ಮನ್ನೂ ಮೇಜನ್ನೂ ಇಳಿಸಿಕೊಂಡ. ಸುತ್ತ ಗದ್ದೆ, ಪೊದೆ, ಒಂದು ಹುಣಸೆಮರ. ಹತ್ತಿರದಲ್ಲಿ ಮನೆಯಿರಲಿಲ್ಲ. ನಾಳೆ ನಾನೇ ಬದಲಿ ಕಳಿಸುತ್ತೇನೆ ಎಂದು ಹೇಳಿ ಲಾರಿ ಹತ್ತಿದೆ.

ಅವನ ಹೆಸರನ್ನು ಪಟ್ಟಿಗೆ ಸೇರಿಸಲಿಲ್ಲ. ಕಿಸೆಯಲ್ಲಿ ಪೆನ್ಸಿಲ್ ಇತ್ತು. ಅಷ್ಟು ಚೆಂದದ ಪಟ್ಟಿಯ ಕೆಳಗೆ ಪೆನ್ಸಿಲಿನಿಂದ ಗೀಚಲು ಮನಸ್ಸಾಗಲಿಲ್ಲ, ಅಷ್ಟೇ ಕಾರಣ.

ಕತ್ತಲಾಗುತ್ತಲೇ ಬಿರುಗಾಳಿ ಎದ್ದಿತು. ಅಂಥ ಗಾಳಿಯನ್ನು ನಾನು ಅದರ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಬೆಳಿಗ್ಗೆ ಓಟ ಹೊರಡಬೇಕಿದ್ದ ಮೈದಾನಕ್ಕೆ ಹೋದರೆ ಕಟ್ಟಿದ್ದ ಪೆಂಡಾಲು ಇರಲಿಲ್ಲ. ಲೋಕಲ್ ನಿಂತಿದ್ದವು. ಹಂಚು, ತಗಡು ಹಾರಿಹೋದ ಚಾಳುಗಳ ಜನ ಮಕ್ಕಳನ್ನು ಎತ್ತಿಕೊಂಡು ಶಾಲೆಯ ವರಾಂಡದಲ್ಲಿ ನಿಂತಿದ್ದರು. ಕಮಿಟಿಯ ಅಧ್ಯಕ್ಷರು ಒಬ್ಬ ವಯಸ್ಸಾದ ಪಾರ್ಸಿ. ಇಷ್ಟು ಜನರ ತಲೆಯ ಮೇಲೆ ಸೂರಿಲ್ಲದಿರುವಾಗ ಅವರ ಮುಂದೆ ಚಡ್ಡಿ ಹಾಕಿಕೊಂಡು ಓಡುವುದೇ ಎಂದು ಕೇಳಿ ಓಟವನ್ನು ರದ್ದು ಮಾಡಿದರು. ಬೆಳಗಾವಿಯ ಒಬ್ಬ ಹುಡುಗ ಬಿಕ್ಕಿಬಿಕ್ಕಿ ಅತ್ತ. ನಾನು ಸೀಟಿ ಊದಿ ಎಲ್ಲರಿಗೂ ಸಾರಿದೆ. ಪಟ್ಟಿಯ ಪ್ರತಿಗಳನ್ನು ಕೊಟ್ಟು ಮೂವರನ್ನು ಸೈಕಲ್ ಮೇಲೆ ಅಟ್ಟಿದೆ. ಮರಗಳು ಬಿದ್ದಿದ್ದರಿಂದ ಕೆರೆಯ ಆಚೆಯ ಜಾಗಗಳಿಗೆ ಅವರು ಬೇರೆ ಸುತ್ತುದಾರಿ ಹಿಡಿದರು. ಹನ್ನೊಂದರ ಹೊತ್ತಿಗೆ ಒಂಬತ್ತು ಹೆಸರಿನ ಮುಂದೆಯೂ ಗುರುತು ಬಿದ್ದಿತ್ತು. ಅವರಲ್ಲಿ ಕೆಲವರು ಅಂಗಡಿ ಜಗಲಿಗಳಲ್ಲಿ, ಕೆಲವರು ಯಾರದೋ ಮನೆಗಳಲ್ಲಿ ರಾತ್ರಿ ಕಳೆದಿದ್ದರು. ನನ್ನ ವ್ಯವಸ್ಥೆ ಮೆಚ್ಚಿ ಅಧ್ಯಕ್ಷರು ಬೆನ್ನು ತಟ್ಟಿದರು. ನಾನು ಹಿಗ್ಗಿದೆ.

ಹೋಟೆಲಿನಲ್ಲಿ ಅಂದು ಗಿರಾಕಿಗಳಿಗೆ ಏನೂ ಇರಲಿಲ್ಲ. ಧಣಿಗಳು ದೊಡ್ಡ ಹಂಡೆಗಳಲ್ಲಿ ಅನ್ನ ಸಾರು ಮಾಡಿಸಿ ಶಾಲೆಯಲ್ಲಿದ್ದ ಜನರಿಗೆ ಕಳಿಸುತ್ತಿದ್ದರು. ನಾನೂ ಬಡಿಸಲು ನಿಂತೆ. ಮೂರು ಗಂಟೆಗೆ ಕೆಲಸದವರ ಊಟಕ್ಕೆ ಎಲೆ ಹಾಕಿದರು. ಎಲ್ಲರೂ ಕುಳಿತರು, ಒಂದು ಎಲೆ ಖಾಲಿ ಉಳಿಯಿತು. ಧಣಿಗಳು ಸಾಲನ್ನೊಮ್ಮೆ ನೋಡಿ ಕೇಳಿದರು, "ಸಂಜೀವ ಎಲ್ಲಿ? ಅವ ಬರ್ಲಿಲ್ವಾ?"

ಸಾಲಿನಲ್ಲಿ ಕುಳಿತಿದ್ದ ನಾನು ಎಲೆಯಿಂದ ಕೈ ತೆಗೆದೆ. ಕೆರೆ, ಇಳಿಜಾರು, ಸೇತುವೆ, ಎಲ್ಲ ಒಂದೇ ಸಲ ಕಣ್ಣಿಗೆ ಬಂತು. ಮಳೆಗಾಲ ಆಗಷ್ಟೇ ಮುಗಿದು ಆ ಕೆರೆ ಮೊದಲೇ ತುಂಬಿತ್ತು. ಅದರ ಮೇಲೆ ಒಂದು ರಾತ್ರಿಯ ಮಳೆ. ಉಳಿದವರೆಲ್ಲ ಜೀವ ಉಳಿಸಿಕೊಳ್ಳಲು ಎಲ್ಲೆಲ್ಲಿಗೋ ಓಡಿದ್ದರು. ಸಂಜೀವಣ್ಣ ಓಡುವವನಲ್ಲ. ಬದಲಿ ಕಳಿಸುತ್ತೇನೆಂದು ಅವನಿಗೆ ಹೇಳಿದವನು ನಾನು. ಊಟ ಬಿಟ್ಟು ಕೈತೊಳೆಯಲು ಎದ್ದೆ.

ಅಷ್ಟರಲ್ಲಿ ಹಿಂಬಾಗಿಲಲ್ಲಿ ಗಿರಿಜಕ್ಕ. ಸೆರಗು ಹಿಡಿದುಕೊಂಡು ಸುಮತಿ. ಓಟ ನಿಂತಿತಂತೆ, ಎಲ್ಲರೂ ಬಂದರಂತೆ, ಇವರು ಮಾತ್ರ ಕಾಣುವುದಿಲ್ಲ ಎಂದಳು. ನನ್ನ ಮುಖ ನೋಡಿ, "ರಾಯ್ರೇ, ನೀವು ಅವರನ್ನು ನೋಡಿದ್ರಾ?" ಎಂದು ಕೇಳಿದಳು.

"ಮುಂಜಾನೆ ನೋಡೇನ್ರಿ," ಎಂದೆ. "ಆರಾಮ ಅದಾರ. ಇನ್ನೇನು ಬರ್ತಾರ."

ಆ ಮಾತು ಹೇಗೆ ಬಂತೋ ನನಗೆ ತಿಳಿಯದು. ಅವಳ ಮುಖ ಸಡಿಲವಾಯಿತು. ದೇವರು ದೊಡ್ಡವನು ಎಂದು ಮಗಳನ್ನು ಎತ್ತಿಕೊಂಡು ಹೋದಳು. ಅವಳು ಮರೆಯಾಗುವವರೆಗೂ ತಡೆದುಕೊಂಡು, ಆಮೇಲೆ ಧಣಿಗಳ ಸೈಕಲ್ ಎತ್ತಿಕೊಂಡು ಯಾರಿಗೂ ಹೇಳದೆ ಹೊರಟೆ.

ಅಂಧೇರಿ ಪಕ್ಕದ ಮರೋಳದವರೆಗೆ ಹೇಗೋ ತುಳಿದೆ. ಆಮೇಲೆ ಬಿದ್ದ ಮರಗಳ ಮೇಲೆ ಸೈಕಲನ್ನು ಹೊತ್ತು ದಾಟಿಸುವುದೇ ಕೆಲಸ. ಒಂದು ಕಡೆ ಅದನ್ನೂ ಬಿಟ್ಟು ನಡೆದೆ. ದಾರಿಯುದ್ದಕ್ಕೂ ಎದುರು ಬಂದವರನ್ನೆಲ್ಲ ಸೇತುವೆಯ ಬಗ್ಗೆ ಕೇಳುತ್ತಿದ್ದೆ. ಒಬ್ಬ, ಬೆಳಿಗ್ಗೆ ಅಲ್ಲಿ ಎರಡು ಎಮ್ಮೆ ಕೊಚ್ಚಿಹೋದವು ಎಂದ. ಆಮೇಲೆ ಕೇಳುವುದನ್ನೇ ನಿಲ್ಲಿಸಿದೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಆ ಹೊತ್ತು ನನ್ನ ತಲೆಯಲ್ಲಿದ್ದದ್ದು ಸಂಜೀವಣ್ಣನ ಜೀವವೊಂದೇ ಅಲ್ಲ. ಹೆಣ ಸಿಕ್ಕರೆ ಗಿರಿಜಕ್ಕನಿಗೆ ಏನು ಹೇಳಲಿ, ಮುಂಜಾನೆ ನೋಡಿದೆ ಎಂದೆನಲ್ಲ, ಆ ಮಾತನ್ನು ಎಲ್ಲಿಡಲಿ ಎಂದೂ ಯೋಚಿಸುತ್ತಿದ್ದೆ. ರಾತ್ರಿಯ ರೈಲು ಹತ್ತಿ ಊರಿಗೆ ಹೋಗಿಬಿಡಬಹುದೆಂದೂ ಒಮ್ಮೆ ಅನ್ನಿಸಿತು. ರೈಲು ಓಡುತ್ತಿಲ್ಲವೆಂದು ನೆನಪಾಗಿ ಆ ಯೋಚನೆ ನಿಂತಿತು.

ಇಳಿಜಾರಿಗೆ ಬಂದಾಗ ಸೇತುವೆ ಕಾಣಲಿಲ್ಲ. ಕೆಂಪು ನೀರು ರಸ್ತೆಯ ಮೇಲೇ ಹರಿಯುತ್ತಿತ್ತು. ಡ್ರಮ್ಮಿಲ್ಲ, ಮೇಜಿಲ್ಲ, ಮನುಷ್ಯನಿಲ್ಲ. ಹೆಸರು ಹಿಡಿದು ಕೂಗಲಿಲ್ಲ. ಕೂಗಿ ಉತ್ತರ ಬಾರದಿದ್ದರೆ ಎಂಬ ಭಯ. ಕೊನೆಗೆ ಕೊರಳಲ್ಲಿದ್ದ ಸೀಟಿಯನ್ನು ಊದಿದೆ.

ಹುಣಸೆಮರದ ಮೇಲಿಂದ ಒಂದು ಕೈ ಅಲ್ಲಾಡಿತು.

ಅಲ್ಲಿ ದೂರದ ಎಮ್ಮೆಗಳ ತಬೇಲೆಯಿಂದ ಬಂದ ಹಾಲಿನ ಭಯ್ಯಾ ಒಬ್ಬ ಕಳೆದುಹೋದ ಎಮ್ಮೆಗಳನ್ನು ಹುಡುಕುತ್ತಿದ್ದ. ಅವನ ಹಗ್ಗ ಸೊಂಟಕ್ಕೆ ಕಟ್ಟಿಕೊಂಡು, ತೊಡೆಯವರೆಗಿನ ನೀರಿನಲ್ಲಿ ಮರದ ಬುಡ ಮುಟ್ಟಿದೆ. ಸಂಜೀವಣ್ಣ ಪಂಚೆಯಿಂದ ತನ್ನನ್ನು ಕೊಂಬೆಗೆ ಬಿಗಿದುಕೊಂಡಿದ್ದ. ತುಟಿ ನೀಲಿಯಾಗಿತ್ತು. ಬಗ್ಗಿ ನನ್ನನ್ನು ನೋಡಿ ಅವನು ಮೊದಲು ಕೇಳಿದ್ದು, "ಓಟದವರು ಬಂದ್ರಾ ರಾಯ್ರೇ? ಡ್ರಮ್ಮು ಹೋಯ್ತು. ನನ್ನ ಕೈಯಲ್ಲಿ ಹಿಡಿಲಿಕ್ಕೆ ಆಗ್ಲಿಲ್ಲ."

ಓಟ ಮುಂಜಾನೆಯೇ ರದ್ದಾಯಿತೆಂದು ಹೇಳಿದೆ. "ಬೆಳಿಗ್ಗೆಯಾ?" ಎಂದ ಅವನು. ಅವನಿಗೆ ಸಿಟ್ಟಿರಲಿಲ್ಲ. ಸುಮ್ಮನೆ ಹೊತ್ತು ಎಣಿಸುತ್ತಿದ್ದಂತೆ ಕಂಡಿತು. ನಾನು ಆಗ ಎರಡನೆಯ ಸುಳ್ಳು ಹೇಳಿದೆ.

"ಮುಂಜಾನಿಂದ ಬರಾಕ ಹತ್ತೇನಿ ಸಂಜೀವಣ್ಣ. ನೀರು ಬಿಡಲಿಲ್ಲ. ಇಲ್ಲೀತನಕಾ ಮುಟ್ಟೂದಽ ಆಗಲಿಲ್ಲ."

ಅವನು ಮರದಿಂದಿಳಿದು ನನ್ನ ಎರಡೂ ಕೈ ಹಿಡಿದುಕೊಂಡ. ಆ ತಣ್ಣನೆಯ ಕೈ ನನಗೆ ಈಗಲೂ ನೆನಪಿದೆ.

ಒಂದು ತಿಂಗಳು ಜ್ವರದಲ್ಲಿ ಮಲಗಿ ಎದ್ದ. ಎದ್ದ ಮೇಲೆ ಕತೆ ಶುರುವಾಯಿತು. ಮದುವೆ, ಮುಂಜಿ, ಸಂಘದ ಸಭೆ, ಎಲ್ಲಿ ನಾಲ್ಕು ಜನ ಸೇರಿದರೂ ಸಂಜೀವಣ್ಣ ಈ ಕತೆ ಹೇಳುತ್ತಿದ್ದ: ರಾಯರು ಬೆಳಿಗ್ಗೆಯಿಂದ ನೀರಿನೊಡನೆ ಹೋರಾಡಿ ಸಂಜೆಗೆ ನನ್ನನ್ನು ಮುಟ್ಟಿದರು ಎಂದು. ಹೇಳಿ ಮುಗಿಸಿ ನನ್ನ ಕಡೆ ತಿರುಗಿ, "ಹೌದಲ್ವಾ ರಾಯ್ರೇ?" ಎನ್ನುತ್ತಿದ್ದ. ಜನ ನನ್ನನ್ನು ನೋಡುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಆ ದಿನ ಮಧ್ಯಾಹ್ನ ನನ್ನನ್ನು ಹೋಟೆಲಿನಲ್ಲಿ ಕಂಡವರು ಎದುರಿದ್ದರೂ ಯಾಕೋ ತಿದ್ದುತ್ತಿರಲಿಲ್ಲ. ಎಲ್ಲಿ ಗುಟ್ಟು ಹೊರಬಿದ್ದೀತೋ ಎಂದು ಪ್ರತಿ ಸಲವೂ ಹೆದರುತ್ತಿದ್ದೆ. ಆ ಹೆದರಿಕೆಗೇ ಕೆಲವು ಮದುವೆಗಳನ್ನು ತಪ್ಪಿಸಿದ್ದೂ ಉಂಟು. ವರ್ಷಗಳು ಹೀಗೇ ಹೋದವು. ಗಿರಿಜಕ್ಕ ಮೊದಲು ಹೋದಳು, ಆಮೇಲೆ ಅವನೂ ಹೋದ. ಅವನ ಹದಿಮೂರನೆಯ ದಿನದ ಊಟದಲ್ಲಿ ನನ್ನ ದುಃಖದ ಜೊತೆಗೆ ಒಂದಿಷ್ಟು ನಿರಾಳವೂ ಇತ್ತೆಂದು ಹೇಳಲು ನನಗೆ ನಾಚಿಕೆಯಾಗುತ್ತದೆ.

ಮೊನ್ನೆ ಸೊಸೆಗೆ ಮೂರು ಸಲ ಕೇಳಿದ ಆ ರಾತ್ರಿ ನಿದ್ದೆ ಬರಲಿಲ್ಲ. ಭಾನುವಾರ ಬೆಳಿಗ್ಗೆ ಸುಮತಿಗೆ ಫೋನು ಮಾಡಿದೆ. ಅವಳೀಗ ಭಾಂಡುಪಿನಲ್ಲಿ ಮೊಮ್ಮಕ್ಕಳೊಡನೆ ಇದ್ದಾಳೆ. ಹಬ್ಬಕ್ಕೆ ತಪ್ಪದೆ ಫೋನು ಮಾಡುವವಳು, ಹಬ್ಬವಿಲ್ಲದ ದಿನ ನನ್ನ ಸ್ವರ ಕೇಳಿ ಗಾಬರಿಯಾದಳು. ನಾನು ತಡೆಯದೆ ಎಲ್ಲವನ್ನೂ ಹೇಳಿದೆ. ಪಟ್ಟಿ, ಪೆನ್ಸಿಲ್, ಅವಳ ಅಮ್ಮನಿಗೆ ಹೇಳಿದ್ದು, ಅಪ್ಪನಿಗೆ ಹೇಳಿದ್ದು.

ಅವಳು ಮೆಲ್ಲಗೆ ಹೇಳಿದಳು, "ಅದು ನಮ್ಗೆ ಗೊತ್ತುಂಟು ಮಾಮ. ಅಮ್ಮ ಅವತ್ತೇ ಅಪ್ಪನತ್ರ ಕೇಳಿದ್ರಂತೆ, ಬೆಳಿಗ್ಗೆ ರಾಯ್ರು ನಿಮ್ಮನ್ನು ನೋಡ್ಲಿಕ್ಕೆ ಬಂದಿದ್ರಾ ಅಂತ."

ಗಂಡ ಹೆಂಡತಿ ಮನೆಗೆ ಹೋಗಿ ಒಬ್ಬರಿಗೊಬ್ಬರು ಮಾತಾಡುತ್ತಾರೆಂಬುದು ಇಷ್ಟು ವರ್ಷ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಗಿರಿಜಕ್ಕನಿಗೆ, ಮುಂಜಾನೆ ನೋಡಿದೆ ಎಂದಿದ್ದೆ. ಅವನಿಗೆ, ಮುಟ್ಟಲಾಗಲಿಲ್ಲ ಎಂದಿದ್ದೆ. ಅಪ್ಪ ಏನಂದರು ಎಂದು ಕೇಳಿದೆ.

"ರಾಯ್ರೇ ಒಂದು ದಿನ ಹೇಳ್ತಾರೆ, ನೀನು ಕೇಳ್ಬೇಡ ಅಂದ್ರಂತೆ. ಅದಕ್ಕೇ ಅಲ್ವಾ ಮಾಮ, ನಾಲ್ಕು ಜನರ ಎದುರು ನಿಮ್ಮನ್ನು ಹೌದಲ್ವಾ ಅಂತ ಕೇಳ್ತಿದ್ದದ್ದು. ಮನೆಗೆ ಬಂದು ಅಂಗಿ ತೆಗೀತಾ, ಇವತ್ತೂ ಹೇಳ್ಲಿಲ್ಲ ಅಂತಿದ್ರು."

"ಸಿಟ್ಟಿತ್ತೇನವ್ವಾ?"

"ಇಲ್ಲ ಮಾಮ. ಕಾಯ್ತಿದ್ರು, ಅಷ್ಟೆ."

ಫೋನು ಇಟ್ಟಾಗ ಸೊಸೆ ಬಾಗಿಲಲ್ಲಿ ನಿಂತಿದ್ದಳು. ಏನಾಯಿತು ಮಾವಾ ಎಂದು ಕೇಳಿದಳು. ಕೂಡು ಎಂದು ಹೇಳಿ ಅವಳಿಗೂ ಹೇಳಿದೆ. ಸಂಜೀವಣ್ಣ ಹೇಳುತ್ತಿದ್ದ ಹಾಗಲ್ಲ, ನಡೆದ ಹಾಗೆ.