ಕಡಲ ಹುಳು ಬಸ್ತಿಹಳ್ಳಿಗೆ ಬಂದದ್ದು

ಮೊನ್ನೆ ಅರಸೀಕೆರೆಯಲ್ಲಿ ಹಳೇಬೀಡಿನ ಬಸ್ಸು ಹತ್ತಿ ಕೂತಿದ್ದೆ. ಒಣಮೀನಿನ ಕುಕ್ಕೆ ಹಿಡಿದ ಹೆಂಗಸೊಬ್ಬಳು ಬಂದು ಪಕ್ಕದಲ್ಲಿ ಕೂತಳು. ಮುಂದಿನ ಸೀಟಿನವರ ಸೆರಗು, ಕರವಸ್ತ್ರಗಳೆಲ್ಲ ಮೂಗಿಗೇರಿದವು. ಕಂಡಕ್ಟರ್ ಟಿಕೆಟ್ ಹರಿದು ಕೊಟ್ಟವನೇ ಮುಂದಕ್ಕೆ ಸರಿದ. ನಾನು ಮಾತ್ರ, ನಗಬೇಡಿ, ಆಕೆಯ ಕಡೆಗೆ ಕೊಂಚ ವಾಲಿ ಉಸಿರೆಳೆದುಕೊಂಡೆ. ಮೀನು ತಿನ್ನುವ ಮನೆಯವಳಲ್ಲ ನಾನು. ಆದರೆ ಉಪ್ಪು ಬೆರೆತ ಆ ಕಮಟು ವಾಸನೆ ಬಂದರೆ ಸಾಕು, ನನ್ನ ನಾದಿನಿ ವಿಮಲೆ ಐಸ್ ಡಬ್ಬ ಹಿಡಿದು ನಮ್ಮ ಬಸ್ತಿಹಳ್ಳಿ ಮನೆಯ ಜಗಲಿ ಹತ್ತಿದ ಮಧ್ಯಾಹ್ನ ಕಣ್ಣಮುಂದೆ ಬಂದು ನಿಲ್ಲುತ್ತದೆ.

ಆಗ ನಾನು ಅರಸೀಕೆರೆಯ ಹೈಸ್ಕೂಲೊಂದರಲ್ಲಿ ಕನ್ನಡ ಮೇಡಂ. ವಾರವೆಲ್ಲ ಸಂಧಿ, ಸಮಾಸ. ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ತಿಹಳ್ಳಿಗೆ. ಅಲ್ಲಿ ಅತ್ತೆ ಇದ್ದರು, ನಮ್ಮ ಯಜಮಾನರಿದ್ದರು, ಕೆರೆಯ ಕೆಳಗೆ ಒಂದಿಷ್ಟು ಗದ್ದೆ ಇತ್ತು. ಬಸದಿ ನೋಡಲು ಬಂದವರು ಕನ್ನಡಿಯಂಥ ಕಂಬಗಳಲ್ಲಿ ತಮ್ಮ ಮುಖ ನೋಡಿಕೊಂಡು, ಹಾಗೇ ನಮ್ಮ ಗದ್ದೆಯ ಹಸಿರನ್ನೂ ಹೊಗಳಿ ಹೋಗುತ್ತಿದ್ದರು. ಆ ಹಸಿರನ್ನು ಕಾಯುವುದಕ್ಕೆ ನಮ್ಮವರು ಏನೇನು ಔಷಧಿ ಹೊಡೆಯುತ್ತಿದ್ದರೆಂದು ಯಾರೂ ಕೇಳಲಿಲ್ಲ. ನಾನೂ ಕೇಳಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಒಂದು ಹಂಗಾಮಿನಲ್ಲಿ ಭತ್ತಕ್ಕೆ ಜಿಗಿಹುಳ ಬಿತ್ತು. ಎಳ್ಳಿನಷ್ಟು ಕಂದು ಹುಳ. ಪೈರಿನ ಬುಡದಲ್ಲಿ ಕೂತು ರಸ ಹೀರುತ್ತದೆ, ಗದ್ದೆಯ ಮಧ್ಯೆ ಅಲ್ಲಲ್ಲಿ ಬೆಂಕಿ ಬಿದ್ದ ಹಾಗೆ ಪೈರು ಸುಟ್ಟು ನಿಲ್ಲುತ್ತದೆ. ನಮ್ಮವರು ಅಂಗಿ ಬಿಚ್ಚಿ ಕಂಬಕ್ಕೆ ಸಿಕ್ಕಿಸಿ, ಔಷಧಿಯ ಕ್ಯಾನು ಬೆನ್ನಿಗೇರಿಸಿದರು. ಮುಖಕ್ಕೆ ಬಟ್ಟೆಯನ್ನಾದರೂ ಕಟ್ಟಿಕೊಳ್ಳಿ ಎಂದೆ.

"ಏನೂ ಆಗಲ್ಲ ಕಣೇ. ಹತ್ತು ವರ್ಷದಿಂದ ಹೊಡೀತಿಲ್ವಾ?"

ಮಧ್ಯಾಹ್ನದ ಹೊತ್ತಿಗೆ ಅವರು ಬದುವಿನ ಮೇಲೆ ಬಿದ್ದಿದ್ದರು. ಬಾಯಲ್ಲಿ ನೊರೆ. ಹಾಸನದ ಆಸ್ಪತ್ರೆಯಲ್ಲಿ ಎಂಟು ದಿನ ಇದ್ದು ಬದುಕಿ ಬಂದರು. ಬೆರಳುಗಳ ನಡುಕ ಮಾತ್ರ ಉಳಿದೇ ಹೋಯಿತು. ಅಂದಿನಿಂದ ಅವರ ಅಂಗಿಯ ಗುಂಡಿ ಹಾಕುವುದು ನನ್ನ ಕೆಲಸ.

ವಿಮಲೆ ಆಗ ಕರಾವಳಿಯ ಕಾಲೇಜೊಂದರಲ್ಲಿ ಸಮುದ್ರಜೀವಿಗಳ ಸಂಶೋಧನೆಗೆ ಸೇರಿದ್ದಳು. ಆಸ್ಪತ್ರೆಗೆ ಓಡಿಬಂದವಳು ಅಳಲಿಲ್ಲ. ಅಣ್ಣನ ಕಾಲ ಬಳಿ ನಿಂತು, "ಅತ್ತಿಗೆ, ಹುಳ ಸಾಯ್ಬೇಕು, ಮನುಷ್ಯ ಸಾಯ್ಬಾರ್ದು. ಅಂಥದ್ದೊಂದು ಎಲ್ಲೋ ಇರ್ಲೇಬೇಕು. ಹುಡುಕ್ತೀನಿ" ಎಂದಳು. ಆಸ್ಪತ್ರೆಯಲ್ಲಿ ಎಲ್ಲರೂ ಏನಾದರೊಂದು ಪ್ರತಿಜ್ಞೆ ಮಾಡುತ್ತಾರೆ. ನಾನೂ ಒಂದೆರಡು ಮಾಡಿ ಮರೆತಿದ್ದೇನೆ. ಇದೂ ಹಾಗೇ ಅಂದುಕೊಂಡೆ.

ಮರುವರ್ಷ ಐಸ್ ಡಬ್ಬ ಬಂತು. "ಐಸ್ ಕ್ಯಾಂಡಿ ತಂದ್ಯೇನೇ?" ಎಂದು ಅತ್ತೆ ಆಸೆಯಿಂದ ಮುಚ್ಚಳ ಎತ್ತಿದರು, ಎತ್ತಿದಷ್ಟೇ ಬೇಗ ಹಾಕಿ ಸಾಂಬ್ರಾಣಿ ಹುಡುಕಿಕೊಂಡು ಒಳಗೆ ಓಡಿದರು. ಡಬ್ಬದಲ್ಲಿದ್ದದ್ದು ಕಡಲ ಹುಳುವಿನ ಸಾರ ತುಂಬಿದ ಸೀಸೆಗಳು. ಮೀನಿನ ಗಾಳಕ್ಕೆ ಸಿಕ್ಕಿಸುವ ಒಂದು ಜಾತಿಯ ಹುಳು. ಅದರ ಮೇಲೆ ಕೂತ ನೊಣ ಅಲ್ಲೇ ಸತ್ತು ಬೀಳುತ್ತದಂತೆ. ಜಪಾನಿನ ಮೀನುಗಾರರು ಇದನ್ನು ಬಹಳ ಹಿಂದೆಯೇ ಗಮನಿಸಿದ್ದರು, ಅದೇ ಮಾದರಿಯಲ್ಲಿ ಕಾರ್ಖಾನೆಗಳೂ ಔಷಧಿ ಮಾಡಿದ್ದವು. ವಿಮಲೆಗೆ ಹುಳುವಿನ ಮೂಲ ಸಾರವೇ ಬೇಕಿತ್ತು.

"ಈ ಮನೆಗೆ ಇನ್ನೊಂದು ವಿಷ ಬೇಡ" ಎಂದೆ.

"ಇದು ಕಾರ್ಖಾನೇದಲ್ಲ ಅತ್ತಿಗೆ, ಸಮುದ್ರದ್ದು."

ಸಮುದ್ರ ಎಂದೊಡನೆ ಕನ್ನಡ ಮೇಡಂ ಕರಗಿದಳು ಅನ್ನಿ. ಪದ ಚೆನ್ನಾಗಿದ್ದರೆ ವಸ್ತುವೂ ಚೆನ್ನಾಗಿರುತ್ತದೆ ಎಂಬ ಭ್ರಮೆ ನನಗೆ ಮೊದಲಿನಿಂದಲೂ ಇದೆ.

ವಿಮಲೆ ಅಣ್ಣನನ್ನು ದೂರದ ಹೊಂಗೆಮರದ ಕೆಳಗೆ ಕೂರಿಸಿ, ಕೈಗೆ ಗವಸು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮತ್ತೆ ಜಿಗಿಹುಳ ಬಿದ್ದಿದ್ದ ಗದ್ದೆಯ ಒಂದೇ ಒಂದು ಮಡಿಗೆ ಹೊಡೆದಳು. ಮೂರನೆಯ ದಿನ ನೀರಿನ ಮೇಲೆ ಜಿಗಿಹುಳ ತೌಡು ಚೆಲ್ಲಿದಂತೆ ತೇಲುತ್ತಿತ್ತು. ಅತ್ತೆ ಬೀದಿಯವರನ್ನೆಲ್ಲ ಕರೆದು ತೋರಿಸಿದರು. ನಮ್ಮವರು ಬಹಳ ದಿನಗಳ ಮೇಲೆ ಬಾಯ್ತುಂಬ ನಕ್ಕರು.

ಆ ನಗು ಒಂದೇ ದಿನದ್ದು. ಬದುವಿನಾಚೆ ರಂಗಮ್ಮನ ಹಿಪ್ಪುನೇರಳೆ ತೋಟವಿತ್ತು. ಗಂಡ ತೀರಿಕೊಂಡ ಮೇಲೆ ರೇಷ್ಮೆ ಹುಳ ಸಾಕಿಯೇ ಮನೆ ನಡೆಸಿದ ಹೆಂಗಸು. ಗಾಳಿಗೆ ತೂರಿಹೋದ ಹನಿಗಳು ಆ ಸೊಪ್ಪಿನ ಮೇಲೆ ಕೂತಿದ್ದವು. ಇನ್ನೆರಡು ದಿನಕ್ಕೆ ಗೂಡು ಕಟ್ಟಬೇಕಿದ್ದ ಹುಳಗಳು ಸೊಪ್ಪು ಬಿಟ್ಟು ತಟ್ಟೆಯಲ್ಲಿ ಜೋಲುಬಿದ್ದವು. ರೋಗ ಬಂತೆಂದು ರಂಗಮ್ಮ ತಲೆಮೇಲೆ ಕೈಹೊತ್ತು ಕೂತಿದ್ದಾಳೆಂದು ಅತ್ತೆ ಸುದ್ದಿ ತಂದರು. ವಿಮಲೆ ಎದ್ದು ಗಾಳಿ ಬೀಸುವ ದಿಕ್ಕನ್ನು ನೋಡಿದಳು.

ಈಗ ನನ್ನ ದೊಡ್ಡತನ ಕೇಳಿ. ಮಕ್ಕಳಿಗೆ ಸತ್ಯದ ಮೇಲೆ ಪ್ರಬಂಧ ಬರೆಸುತ್ತಿದ್ದ ನಾನು ಅವಳ ಕಿವಿಯಲ್ಲಿ, "ಸುಮ್ಮನಿರು. ರೋಗ ಅಂತ ಅವಳೇ ಹೇಳ್ತಿದಾಳಲ್ಲ" ಎಂದೆ.

ವಿಮಲೆ ನನ್ನನ್ನು ಒಮ್ಮೆ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೊರಟಳು. ನಾಚಿಕೆಯಿಂದ ನಾನೂ ಹಿಂದೆ ಹೋದೆ. ರಂಗಮ್ಮ ರೇಷ್ಮೆ ಸಾಕುವ ಹುಳುಮನೆಯ ಬಾಗಿಲಲ್ಲಿ ನಿಂತು ಅವಳು ನೇರವಾಗಿ ಹೇಳಿದಳು: "ರಂಗಮ್ಮ, ರೋಗ ಅಲ್ಲ. ನಾನು ಹೊಡೆದದ್ದು ನಿಮ್ಮ ಸೊಪ್ಪಿಗೆ ತಾಗಿದೆ. ತಪ್ಪು ನಂದು."

ರಂಗಮ್ಮ ಬೈಯಲಿಲ್ಲ. ಸತ್ತ ಹುಳವೊಂದನ್ನು ಅಂಗೈಯಲ್ಲಿಟ್ಟು ವಿಮಲೆಯ ಮುಂದೆ ಹಿಡಿದಳು.

"ಓದಿದೋಳು ನೀನು. ಯಾವ್ದು ಬೆಳೆ ತಿನ್ನೋ ಹುಳ, ಯಾವ್ದು ಅನ್ನ ಕೊಡೋ ಹುಳ ಅಂತ ನಿನ್ ಔಸ್ತಿಗೆ ಗೊತ್ತಿಲ್ವಲ್ಲವ್ವ."

ಆ ಸಂಜೆ ವಿಮಲೆ ಸೀಸೆಗಳನ್ನೆಲ್ಲ ಡಬ್ಬಕ್ಕೆ ತುಂಬಿ ಬೀಗ ಹಾಕಿದಳು. ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಬೆಳಿಗ್ಗೆ ಎದ್ದು ನೋಡಿದರೆ ಅವಳು ಹಾಸಿಗೆಯಲ್ಲಿಲ್ಲ. ರಂಗಮ್ಮನ ಹುಳುಮನೆಯಲ್ಲಿ ಪೊರಕೆ ಹಿಡಿದು ತಟ್ಟೆ ಚೊಕ್ಕಟ ಮಾಡುತ್ತಿದ್ದಳು. ರಂಗಮ್ಮ ಗೋಡೆಗೊರಗಿ ಕೂತು ಷರತ್ತು ಹಾಕುತ್ತಿದ್ದಳು: "ಇನ್ಮ್ಯಾಲೆ ಏನ್ ತಂದ್ರೂ ಮೊದ್ಲು ರೇಷ್ಮೆ ಹುಳಕ್ಕೆ ತೋರ್ಸು. ಅವು ಸೊಪ್ಪು ತಿಂದ್ವು ಅಂದ್ರೆ ಆಮ್ಯಾಕೆ ಗದ್ದೆಗೆ ತಗಂಡೋಗು. ಹುಳ ನಾನ್ ಕೊಡ್ತೀನಿ."

ಹುಳ ಕಳೆದುಕೊಂಡವಳೇ ಮತ್ತೆ ಹುಳ ಕೊಡುತ್ತೇನೆಂದದ್ದು ಏಕೆ ಎಂದು ಇಂದಿಗೂ ನನಗೆ ಪೂರ್ತಿ ತಿಳಿದಿಲ್ಲ. ಬಹುಶಃ ನಿಜ ಹೇಳಲು ಯಾರೋ ಬಾಗಿಲಿಗೆ ಬಂದದ್ದು ಅವಳಿಗೂ ಹೊಸದಾಗಿತ್ತು.

ವಿಮಲೆ ಆ ಕಡಲ ಹುಳುವನ್ನು ಕೈಬಿಟ್ಟಳು. ಕಡಲ ಬಂಡೆಗೆ ಅಂಟಿಕೊಂಡು ಹೂವಿನಂತೆ ಅರಳುವ, ಮುಟ್ಟಿದರೆ ಕುಟುಕುವ ಒಂದು ಪ್ರಾಣಿಯ ಹಿಂದೆ ಬಿದ್ದಳು. ಅದರ ನಂಜಿನಲ್ಲಿ ನಾನಾ ಬಗೆಯಿದೆಯಂತೆ. ಒಂದೊಂದು ಬಗೆ ಒಂದೊಂದು ಜೀವಿಗೆ ಮಾತ್ರ ನಾಟುತ್ತದಂತೆ. ಹೊಸ ಶತಮಾನದ ಮೊದಲ ಹತ್ತು ವರ್ಷ ಅವಳು ಆ ಬಗೆಗಳನ್ನು ಬೇರೆಬೇರೆ ಮಾಡುವುದರಲ್ಲೇ ಕಳೆದಳು. ರಜೆ ಸಿಕ್ಕಾಗಲೆಲ್ಲ ಬಸ್ತಿಹಳ್ಳಿಗೆ ಬರುವಳು. ರಂಗಮ್ಮ ಬೇರೆಯಾಗಿಟ್ಟ ಒಂದು ತಟ್ಟೆ ಹುಳಕ್ಕೆ ಆ ನಂಜು ಲೇಪಿಸಿದ ಸೊಪ್ಪು ಹಾಕಿ ಇಬ್ಬರೂ ಮುಂದೆ ಕೂರುವರು. ಎಷ್ಟೋ ತಟ್ಟೆ ಹುಳಗಳು ಸತ್ತವು. ಒಂದು ಬೇಸಿಗೆ ಹುಳಗಳು ಸರಸರ ಸೊಪ್ಪು ತಿಂದು, ತಲೆಯೆತ್ತಿ ಇನ್ನಷ್ಟು ಹುಡುಕಿದವು. ರಂಗಮ್ಮ ವಿಮಲೆಯ ಬೆನ್ನಿಗೆ ಗುದ್ದಿದ ಸದ್ದು ಅಂಗಳಕ್ಕೆ ಕೇಳಿಸಿತು.

ಆದರೆ ಗದ್ದೆಗೆ ಹೊಡೆದರೆ ಆ ನಂಜು ಬಿಸಿಲಿಗೆ ಸತ್ತುಹೋಯಿತು. ಬೆಳಿಗ್ಗೆ ಔಷಧಿ, ಮಧ್ಯಾಹ್ನಕ್ಕೆ ಬರೀ ನೀರು. ಮತ್ತೆ ಮೊದಲಿನಿಂದ. ಒಮ್ಮೆ ತಡೆಯಲಾರದೆ, "ಬಿಟ್ಟುಬಿಡೇ, ಸಾಕು. ನಿನ್ನ ಜೊತೆಯವರೆಲ್ಲ ಎಲ್ಲೆಲ್ಲೋ ಹೋದರು" ಎಂದೆ. ನಾನಾಗ ಯಜಮಾನರ ತೋಳಿನ ಗುಂಡಿ ಹಾಕುತ್ತಿದ್ದೆ.

"ಅಣ್ಣನ ಕೈ ಹಿಡ್ಕೊಂಡೇ ಈ ಮಾತು ಹೇಳ್ತಿದೀರಲ್ಲ ಅತ್ತಿಗೆ" ಎಂದಳು. ಆಮೇಲೆ ನಾನು ಆ ಮಾತು ಎತ್ತಲಿಲ್ಲ.

ಮೊನ್ನೆ ಬಸ್ಸಿಳಿದು ನೇರ ಗದ್ದೆಗೆ ಹೋದೆ. ನಂಜು ಬಿಸಿಲು ತಡೆಯಲೆಂದು ಅದಕ್ಕೆ ಹೊಸ ಲೇಪ ಕೊಟ್ಟು ಹೊಡೆದ ನಾಲ್ಕನೆಯ ದಿನ ಅದು. ಅತ್ತೆ ಈಗಿಲ್ಲ. ಯಜಮಾನರು, ರಂಗಮ್ಮ ಇಬ್ಬರೂ ಬದುವಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ತಲೆ ನರೆತ ವಿಮಲೆ ಮೊಣಕಾಲುದ್ದ ಕೆಸರಿನಲ್ಲಿದ್ದಳು.

"ಬಿಸಿಲಿಗೆ ಮೂರು ದಿನ ತಡೆದಿದೆ ಅತ್ತಿಗೆ. ಸಾಲದು. ಇನ್ನೊಂದು ಹಂಗಾಮು ಬೇಕು."

ಇಪ್ಪತ್ತು ವರ್ಷದ ಮೇಲೆ ಮೂರು ದಿನ. ಅದನ್ನು ಅವಳು ಹೇಳಿದ ರೀತಿಯಲ್ಲಿ ದುಃಖವಿರಲಿಲ್ಲ, ಜಂಬವೂ ಇರಲಿಲ್ಲ. ನಾನು ಬ್ಯಾಗನ್ನು ರಂಗಮ್ಮನ ಕೈಗೆ ಕೊಟ್ಟು, ಸೀರೆಯನ್ನು ಎತ್ತಿಕಟ್ಟಿ ಗದ್ದೆಗೆ ಇಳಿದೆ.

"ನಿಮಗ್ಯಾಕೆ ಅತ್ತಿಗೆ? ಮೇಲೆ ಕೂತ್ಕೊಳಿ."

"ನೀನು ಬರ್ಕೋ. ನಾನು ಎಣಿಸ್ತೀನಿ."

ಬಗ್ಗಿ ಒಂದು ಪೈರಿನ ಬುಡ ಬಿಡಿಸಿದೆ. ಸತ್ತವು ನೀರಿನಲ್ಲಿದ್ದವು, ಬದುಕಿದ್ದ ಜಿಗಿಹುಳಗಳನ್ನು ಎಣಿಸಬೇಕಿತ್ತು. "ಏಳು" ಎಂದು ಕೂಗಿದೆ. ವಿಮಲೆ ಪೆನ್ನು ಎತ್ತಿದಳು. ಅಷ್ಟರಲ್ಲಿ ಗರಿಯ ಹಿಂಬದಿಯಲ್ಲಿ ಇನ್ನೊಂದು ಅಲುಗಿತು. ನನ್ನನ್ನು ಬಿಟ್ಟರೆ ಅದನ್ನು ಯಾರೂ ಕಂಡಿರಲಿಲ್ಲ.

"ತಡಿ ವಿಮಲಾ, ಎಂಟು" ಎಂದೆ. "ಎಂಟು ಅಂತ ಬರಿ."